ಶಿವಗಂಗವ್ವ ಬರೆಸಿದ ಊಟ

ಅಡುಗೆಮನೆಗೆ ತಕ್ಕಡಿ ಬಂದ ದಿನ ಶಿವಗಂಗವ್ವ ಒಲೆಯ ಮುಂದಿನಿಂದ ಏಳಲೇ ಇಲ್ಲ. ಕೂತಲ್ಲಿಂದಲೇ ಜಗಳ ತೆಗೆದಳು.

“ಏನಿದು?”

“ತಕ್ಕಡಿರೀ ಅತ್ತಿ. ಅಂದಾನೆಪ್ಪನವರ ಅಂಗಡ್ಯಾಗ ಕೇಳಿ ಇಸ್ಕೊಂಡು ಬಂದೇನಿ.”

“ತಕ್ಕಡಿ ಅನ್ನೂದು ನನಗೂ ಗೊತ್ತೈತಿ. ಅಂಗಡ್ಯಾಗ ಇರೂದು ಇಲ್ಲಿಗ್ಯಾಕ ಬಂತು?”

“ರೊಟ್ಟಿ ತೂಗಾಕ್ರೀ.”

ಬಡಿಯುತ್ತಿದ್ದ ರೊಟ್ಟಿಯ ಮೇಲೆ ಶಿವಗಂಗವ್ವನ ಕೈ ನಿಂತಿತು. ಪಾಳಾ ಊರಿನಲ್ಲಿ ಅವಳ ರೊಟ್ಟಿಯನ್ನು ಹೊಗಳಿದವರಿದ್ದರು, ಕೇಳಿ ಒಯ್ದವರಿದ್ದರು. ತೂಗಿದವರು ಮಾತ್ರ ಇರಲಿಲ್ಲ.

“ಈ ಮನಿಗೆ ಬಂದು ಮೂವತ್ತನಾಕು ವರ್ಷ ಆತು. ನಮ್ಮತ್ತಿ ಬಾಯಿಂದ ಏನೇನೋ ಅನಿಸ್ಕೊಂಡೇನಿ. ತೂಕ ಕಮ್ಮಿ ಐತಿ ಅಂತ ಅಕೀನೂ ಅಂದಿಲ್ಲ.”

“ಕಮ್ಮಿ ಅಂತ ನಾನೂ ಅನ್ನೂದಿಲ್ರೀ. ಎಷ್ಟೈತಿ ಅಂತ ಬರಕೊಳ್ಳಾಕ ಅಷ್ಟ.”

ಪಡಸಾಲೆಯಿಂದ ಗಂಡ ನಾಗಲಿಂಗಪ್ಪನ ದನಿ ಬಂತು: “ಏ, ರೊಟ್ಟಿ ತರತೀರೋ, ಇಲ್ಲಾ ಪ್ಯಾಟಿಗೆ ಹೋಗಿ ಧಾರಣಿ ಕೇಳಿಕೊಂಡು ಬರಲೋ?”

ಲಕ್ಷ್ಮೀದೇವಿ ನಗು ತಡೆದುಕೊಂಡು ತಕ್ಕಡಿಯನ್ನು ಮೂಲೆಯಲ್ಲಿಟ್ಟಳು.

ಅವಳು ಸೊಸೆಯಾಗಿ ಬಂದು ಎರಡು ವರ್ಷ. ಪಿಯುಸಿಯಲ್ಲಿ ವಿಜ್ಞಾನ ಓದಿದ ಹುಡುಗಿ. ಹೋದ ವರ್ಷ ಹಳಿಯಾಳದಲ್ಲಿ ಆಹಾರ ಚಿಕಿತ್ಸೆಯ ತರಬೇತಿ ಶುರುವಾದಾಗ ಸೇರಿದ್ದಳು. ಯಾವ ಕಾಯಿಲೆಯವರು ಏನು ಉಣ್ಣಬೇಕು, ಎಷ್ಟು ಉಣ್ಣಬೇಕು, ಏನನ್ನು ಬಿಡಬೇಕು ಎಂದು ತಿಳಿದು ಹೇಳುವ ವಿದ್ಯೆ. ಭಾನುವಾರ ಬೆಳಿಗ್ಗೆ ಎದ್ದು ಎರಡು ಬಸ್ಸು ಬದಲಿಸಿ ಹೋಗುತ್ತಿದ್ದಳು, ದೀಪ ಹಚ್ಚುವ ಹೊತ್ತಿಗೆ ಬರುತ್ತಿದ್ದಳು. “ಉಣ್ಣೂದನ್ನ ಕಲಿಯಾಕ ಹಳಿಯಾಳಕ್ಕ ಹೋಗಬೇಕೇನು?” ಎಂದು ನಾಗಲಿಂಗಪ್ಪ ಗೊಣಗಿದಾಗ, “ಹೋಗಲಿ ಬಿಡ್ರಿ, ನಿಮಗೇನು ಬಸ್ಸು ತಳ್ಳಾಕ ಹೇಳಿಲ್ಲ” ಎಂದು ಗಂಡನ ಬಾಯಿ ಮುಚ್ಚಿಸಿದವಳು ಶಿವಗಂಗವ್ವನೇ.

ಈಗ ಉಳಿದಿದ್ದದ್ದು ಕೊನೆಯ ಪರೀಕ್ಷೆ. ಅದಕ್ಕೆ ಪ್ರಶ್ನೆಪತ್ರಿಕೆ ಇರಲಿಲ್ಲ. ಸ್ವಂತ ಮನೆಯಲ್ಲಿ ಯಾರು ಏನು ಉಣ್ಣುತ್ತಾರೆ ಎಂದು ಮೂರು ವಾರ ಬರೆಯಬೇಕು. ಅವರಲ್ಲಿ ತೀರ ನಿತ್ರಾಣವಾದವರನ್ನು ಆರಿಸಿ ಎಂಟು ವಾರ ಊಟದಿಂದ ಸುಧಾರಿಸಿ ತೋರಿಸಬೇಕು. ಮುಂಡಗೋಡದ ಡಾಕ್ಟರೊಬ್ಬರು ಮಾತು ಕೊಟ್ಟಿದ್ದರು: “ಜೂನ್ ಒಳಗ ಪಾಸಾಗಿ ಬಾರಮ್ಮ, ನನ್ನ ದವಾಖಾನ್ಯಾಗ ನಿನಗೊಂದು ಟೇಬಲ್ ಹಾಕಿಸ್ತೇನಿ. ಜೂನ್ ದಾಟಿದ್ರ ಶಿರಸಿಯವರೊಬ್ಬರು ಕೇಳಾಕತ್ತಾರ.” ಈ ಮಾತನ್ನು ಶಿವಗಂಗವ್ವ ಅವತ್ತೇ ಪಕ್ಕದ ಮನೆಯ ಮಹಾದೇವಕ್ಕನ ಕಿವಿಗೆ ಹಾಕಿ ಬಂದಿದ್ದಳು. ಆದ್ದರಿಂದ ಸೊಸೆ ಪಾಸಾಗಲೇಬೇಕಿತ್ತು.

ತಕ್ಕಡಿಯ ಜಗಳ ಎರಡು ದಿನಕ್ಕೆ ಮುಗಿಯಿತು. ಊಟದ ಸಾಲಿನ ಜಗಳ ಅಷ್ಟು ಬೇಗ ಮುಗಿಯುವಂಥದ್ದಲ್ಲ.

ಆ ಮನೆಯಲ್ಲಿ ನಾಗಲಿಂಗಪ್ಪ ಲಿಂಗಪೂಜೆ ಮುಗಿಸಿ, ಹಣೆಗೆ ವಿಭೂತಿ ಬಳಿದುಕೊಂಡು ಮೊದಲು ಕೂರುತ್ತಿದ್ದ. ಜೊತೆಗೆ ಮಗ ಕಿರಣಕುಮಾರ. ಅವರು ಉಂಡೆದ್ದ ಮೇಲೆ ಹೆಂಗಸರು; ಅದರಲ್ಲೂ ಸೊಸೆಗೆ ಬಡಿಸಿ ಕಡೆಗೆ ಶಿವಗಂಗವ್ವ. ಈ ಕಾನೂನನ್ನು ಯಾರೂ ಎಲ್ಲಿಯೂ ಬರೆದಿಟ್ಟಿರಲಿಲ್ಲ. ಬರೆದಿಟ್ಟಿದ್ದರೆ ಯಾವಳಾದರೂ ಹರಿದು ಒಲೆಗೆ ಹಾಕಬಹುದಿತ್ತು. ಲಕ್ಷ್ಮೀದೇವಿ ಗಂಡಸರ ಊಟ ಬರೆದುಕೊಳ್ಳಲು ಅವರೆದುರೇ ಕೂರಬೇಕಾಯಿತು. ಕೂತವಳು ಉಣ್ಣದೆ ನೋಡುತ್ತಿದ್ದರೆ ಮಾವನಿಗೆ ತುತ್ತು ಇಳಿಯದು.

“ಹಂಗ ಪಿಳಿಪಿಳಿ ನೋಡಬ್ಯಾಡವಾ, ಹೊಟ್ಟಿ ಬ್ಯಾನಿ ಬರತೈತಿ. ನೀನೂ ಒಂದು ತಾಟು ಹಾಕ್ಕೋ.”

ಹೀಗೆ ಸೊಸೆ ಗಂಡಸರ ಸಾಲಿಗೆ ಹೋದಳು. ಉಂಡವಳು ಪುಸ್ತಕ ಹಿಡಿದು ಪಾಠ ಓದಲು ಹೋಗುತ್ತಿದ್ದಳು. ಒಲೆಯ ಮುಂದೆ ಶಿವಗಂಗವ್ವ ಒಬ್ಬಳೇ ಉಳಿದಳು. ಸಂಜೆ ಸೊಸೆ ಊಟ ಬರೆಯುವ ಪಟ್ಟಿ ಬಿಚ್ಚಿ ಕೇಳುತ್ತಿದ್ದಳು.

“ಅತ್ತಿ, ಮಧ್ಯಾಹ್ನ ಏನ ಉಂಡ್ರಿ?”

“ಎರಡು ರೊಟ್ಟಿ. ಮೆಂತೆ ಪಲ್ಲೆ. ಒಂದು ವಾಟಗ ಬ್ಯಾಳಿ. ಅನ್ನ, ಮಜ್ಜಿಗಿ. ಬರಕೋ.”

ಲಕ್ಷ್ಮೀದೇವಿ ಬರೆದುಕೊಳ್ಳುತ್ತಿದ್ದಳು.

ನಿಜವೆಂದರೆ, ಗಂಡಸರು ಬೇಳೆಯ ಪಾತ್ರೆಯನ್ನು ಬಗ್ಗಿಸಿ ಬಡಿಸಿಕೊಂಡು ಹೋದ ಮೇಲೆ ತಳದಲ್ಲಿ ಉಳಿಯುತ್ತಿದ್ದದ್ದು ಸೌಟಿನ ಗುರುತು. ಶಿವಗಂಗವ್ವ ಒಂದು ರೊಟ್ಟಿಯನ್ನು ಅಂಗೈ ಮೇಲೆ ಹರವಿ, ಕೆಂಪು ಖಾರ ಸವರಿ, ನಿಂತುಕೊಂಡೇ ತಿಂದು, ಮೇಲೆ ಒಂದು ಕಪ್ ಚಹಾ ಕುಡಿಯುತ್ತಿದ್ದಳು. ಆದರೆ ಪಟ್ಟಿ ಹಳಿಯಾಳಕ್ಕೆ ಹೋಗುವಂಥದ್ದು. ಪಾಳಾದ ನಾಗಲಿಂಗಪ್ಪನ ಮನೆಯ ಯಜಮಾನಿ ಒಂದು ರೊಟ್ಟಿ ಖಾರ ತಿಂದು ಇರುತ್ತಾಳೆ ಎಂದು ಕಂಡವರ ಮುಂದೆ ಓದಿಸಬೇಕೆ? ಮನೆಯ ಮರ್ಯಾದೆ ಎಲ್ಲಿ ಉಳಿಯುತ್ತದೆ?

ಸುಳ್ಳು ಬರೆಸುವುದರಲ್ಲಿ ಅವಳೇನೂ ಒಬ್ಬಳಾಗಿರಲಿಲ್ಲ. ಎರಡನೆಯ ವಾರ ನಾಗಲಿಂಗಪ್ಪ ಸಿಕ್ಕಿಬಿದ್ದ.

“ಮಾವ, ಸಂಜೀಕ ಏನ ತಿಂದ್ರಿ?”

“ಏನಿಲ್ಲ. ನನಗ ಸಕ್ಕರಿ ಬ್ಯಾನಿ ಐತಿ, ನಾ ಎಲ್ಲಿ ತಿನ್ನಲಿ?”

“ಧೋತರದ ಮ್ಯಾಲೆ ಎಣ್ಣಿ ಕಲಿ ಐತ್ರಿ.”

ನಾಗಲಿಂಗಪ್ಪ ಕಲೆಯನ್ನು ಬಹಳ ಹೊತ್ತು ನೋಡಿದ. “ಅಡಿವೆಯ್ಯನ ಜೋಡಿ ಬಸ್ ಸ್ಟ್ಯಾಂಡಿಗೆ ಹೋಗಿದ್ದೆ. ಅವ ತಿಂದ. ನನ್ನ ಮ್ಯಾಲೆ ಕೈ ಒರಸಿರಬೇಕು.”

“ಎಷ್ಟು ಮಿರ್ಚಿ ಭಜಿ ಒರಸಿದ್ರಿ?”

“…ನಾಕು.”

ಕಿರಣಕುಮಾರ ಬಿದ್ದು ಬಿದ್ದು ನಕ್ಕ. ಅವನದು ಮರುದಿನ ಬಯಲಾಯಿತು. ಟೆಂಪೊ ಓಡಿಸುವ ಹುಡುಗ. ಟಿಬೆಟನ್ ಕಾಲೊನಿಯಿಂದ ಗೋವಿನಜೋಳ ತುಂಬಿಕೊಂಡು ಮುಂಡಗೋಡದ ಪೇಟೆಗೆ ಹಾಕುವುದು ಅವನ ಕೆಲಸ. ಕಾಲೊನಿಯಲ್ಲಿ ಅವನು ದಿನಾ ಒಂದು ತಾಟು ಮೊಮೊ ತಿನ್ನುತ್ತಾನೆಂಬ ಸುದ್ದಿ ಕ್ಲೀನರನ ಬಾಯಿಂದ ಬಂತು.

“ಅದರಾಗ ಏನಿರತೈತೋ?” ಶಿವಗಂಗವ್ವ ಹುಬ್ಬು ಗಂಟಿಕ್ಕಿ ಕೇಳಿದಳು.

“ಕೋಬೀಜು, ಅವ್ವಾ. ಲಿಂಗದಾಣಿ, ಬರೇ ಕೋಬೀಜು.”

“ಪಟ್ಟ್ಯಾಗ ಮೊಮೊಕ್ಕ ಸಾಲು ಇಲ್ಲ” ಎಂದಳು ಲಕ್ಷ್ಮೀದೇವಿ. “ಕಡುಬು ಅಂತ ಬರೀತೇನಿ.”

ಮನೆತುಂಬ ನಗು. ಗಂಡಸರು ತಿಂದದ್ದನ್ನು ಮುಚ್ಚಿಟ್ಟಿದ್ದರು, ಸಿಕ್ಕಿಬಿದ್ದರು, ನಕ್ಕು ಮುಗಿಸಿದರು. ಉಣ್ಣದ್ದನ್ನು ಮುಚ್ಚಿಟ್ಟವಳ ಸೀರೆಯ ಮೇಲೆ ಯಾವ ಕಲೆ ಬೀಳಬೇಕು? ಶಿವಗಂಗವ್ವ ಎಲ್ಲರೊಡನೆ ನಕ್ಕಳು, ತಲೆ ಸುತ್ತಿ ಬಂದಂತಾಗಿ ಕಂಬ ಹಿಡಿದುಕೊಂಡಳು.

ಮೂರನೆಯ ವಾರ ಲಕ್ಷ್ಮೀದೇವಿ ಎಲ್ಲರನ್ನೂ ಮುಂಡಗೋಡಕ್ಕೆ ಕರೆದೊಯ್ದು ರಕ್ತ ತೋರಿಸಿದಳು. ಮಾವನ ಸಕ್ಕರೆಯೇ ತನ್ನ ಪರೀಕ್ಷೆಯ ವಿಷಯವೆಂದು ಅವಳು ನಿಶ್ಚಯಿಸಿಕೊಂಡಿದ್ದಳು. ಚೀಟಿಗಳು ಬಂದಾಗ ನೋಡಿದರೆ ಅತ್ತೆಯ ರಕ್ತದಲ್ಲಿ ಹಿಮೋಗ್ಲೋಬಿನ್ ಏಳೂವರೆ. ಹನ್ನೆರಡಿರಬೇಕಾದದ್ದು. ಡಾಕ್ಟರು ಕಬ್ಬಿಣದ ಗುಳಿಗೆ ಬರೆದುಕೊಟ್ಟು, “ಇವರು ನಡಕೋತ ಹೆಂಗ ಬಂದ್ರು?” ಎಂದು ಕೇಳಿದರು.

“ಬಸ್ಸಿನ್ಯಾಗ” ಎಂದಳು ಶಿವಗಂಗವ್ವ.

ಆ ಭಾನುವಾರ ಹಳಿಯಾಳದಿಂದ ಬಂದ ಸೊಸೆ ಚಪ್ಪಲಿ ಬಿಟ್ಟವಳೇ ಗೋಡೆಗೊರಗಿ ಕೂತಳು. ನೀರು ಕೊಟ್ಟರೂ ಕುಡಿಯಲಿಲ್ಲ.

“ಏನಾತು ಹೇಳು” ಎಂದಳು ಶಿವಗಂಗವ್ವ.

“ನಮಗ ಕಲಿಸೂ ರೀನಾ ಮೇಡಂ ಪಟ್ಟಿ ನೋಡಿದ್ರು, ರಕ್ತದ ಚೀಟಿ ನೋಡಿದ್ರು. ಇಷ್ಟು ಉಣ್ಣಾಕಿಗೆ ಇಷ್ಟ ಕಮ್ಮಿ ರಕ್ತ ಹೆಂಗ ಅಂತ ಕೇಳಿದ್ರು. ಮನಿಯಾಗ ಕುಂತು ಮನಸಿಗೆ ಬಂದಂಗ ಬರದೀ ಅಂದ್ರು, ಎಲ್ಲಾರ ಮುಂದ. ಗುರುವಾರ ಇಲ್ಲಿಗೇ ಬರ್ತಾರಂತ. ಪಟ್ಟಿ ಸುಳ್ಳು ಅಂತ ಕಂಡ್ರ ಪರೀಕ್ಷೆ ರದ್ದು. ಮುಂದಿನ ವರ್ಷ ಮೊದಲಿಂದ ಕಲೀಬೇಕು.”

“ಜೂನ್?”

“ಎಲ್ಲೀ ಜೂನ್ ರೀ ಅತ್ತಿ.”

ಶಿವಗಂಗವ್ವ ನೀರಿನ ತಂಬಿಗೆಯನ್ನು ಸೊಸೆಯ ಹತ್ತಿರಕ್ಕೆ ಸರಿಸಿದಳು. ಗುರುವಾರ ತಾನೇ ಮೇಡಂ ಎದುರು ಕೂತು ಎರಡು ರೊಟ್ಟಿ, ಬೇಳೆ, ಪಲ್ಯ, ಎಲ್ಲವನ್ನೂ ಉಂಡು ತೋರಿಸಿದರಾಯಿತು ಎಂದು ಲೆಕ್ಕ ಹಾಕಿದಳು. ಒಂದು ದಿನದ ಮಾತು.

ರೀನಾ ಮೇಡಂ ದಾಂಡೇಲಿಯವರು. ಮನೆಮಾತು ಕೊಂಕಣಿ; ಕನ್ನಡವನ್ನು ಶಾಲೆಯಲ್ಲಿ ಕಲಿತವರಂತೆ ಒಂದೊಂದೇ ಶಬ್ದ ಇಟ್ಟು ಮಾತಾಡುತ್ತಿದ್ದರು. ಸಣ್ಣ ಹೆಂಗಸು, ದೊಡ್ಡ ಚೀಲ. ಚಹಾ ಬೇಡ ಎಂದರು. ಅಡುಗೆಮನೆಯ ಹೊಸ್ತಿಲಲ್ಲೇ ಮಣೆ ಹಾಕಿಸಿಕೊಂಡು ಕೂತರು.

ಗಂಡಸರು ಉಂಡರು. ಲಕ್ಷ್ಮೀದೇವಿ ಉಂಡಳು. ಶಿವಗಂಗವ್ವ ಅವತ್ತು ಬೇಳೆಯನ್ನು ಬೇರೆ ಪಾತ್ರೆಯಲ್ಲಿ ತೆಗೆದಿಟ್ಟಿದ್ದಳು. ಸೆರಗು ಸರಿಮಾಡಿಕೊಂಡು ಎರಡು ರೊಟ್ಟಿ ಎತ್ತಿಕೊಂಡಳು. ಕೈ ತನ್ನಷ್ಟಕ್ಕೇ ರೊಟ್ಟಿಯನ್ನು ಅಂಗೈ ಮೇಲೆ ಹರವಿತು.

“ನಿಮ್ಮ ತಾಟು ಯಾವುದು?” ರೀನಾ ಮೇಡಂ ಕೇಳಿದರು.

“ತಾಟು… ಐತ್ರೀ.” ಶಿವಗಂಗವ್ವ ಸುತ್ತ ನೋಡಿದಳು. ಗಂಡನ ತಾಟು, ಮಗನ ತಾಟು, ಸೊಸೆಯ ತಾಟು, ಮೂರೂ ತೊಳೆಯಲು ಬಿದ್ದಿದ್ದವು. ಮೇಲಿದ್ದವು ಬಂದವರಿಗೆಂದು ಇಟ್ಟ ತಾಟುಗಳು.

“ಕೈಯಲ್ಲಿ ಹಿಡಿದು ತಿಂದರೆ ಬೇಳೆಯನ್ನು ಎಲ್ಲಿ ಹಾಕಿಕೊಳ್ಳುತ್ತೀರಿ? ಅನ್ನ ಎಲ್ಲಿ? ಮೂರು ವಾರ ಇಲ್ಲಿ ಬರೆದಿದೆಯಲ್ಲ.”

ಶಿವಗಂಗವ್ವ ಅಂಗೈ ನೋಡಿಕೊಂಡಳು.

ಮೇಡಂ ಸೊಸೆಯ ಕಡೆ ತಿರುಗಿದರು. “ಲಕ್ಷ್ಮೀದೇವಿ, ನಿಜ ಹೇಳಿ. ಇದನ್ನು ನೀವೇ ಕೂತು ಬರೆದದ್ದು. ಹೌದೋ ಅಲ್ಲವೋ?”

ಅತ್ತೆ ಹೇಳಿದ್ದನ್ನು ಬರೆದೆ ಎಂದರೆ ಅವಳು ಪಾರಾಗುತ್ತಿದ್ದಳು. ಆದರೆ ಅತ್ತೆ ಸುಳ್ಳಿ ಎಂದು ಹೊರಗಿನವರ ಮುಂದೆ ಹೇಳಿದಂತಾಗುತ್ತಿತ್ತು. ಲಕ್ಷ್ಮೀದೇವಿ ತಲೆ ತಗ್ಗಿಸಿದಳು.

“ಹೌದ್ರಿ ಮೇಡಂ. ತಪ್ಪು ನಂದು.”

ಮೇಡಂ ಪೆನ್ನಿನ ಮುಚ್ಚಳ ತೆಗೆದರು.

“ತಡೀರಿ!” ಶಿವಗಂಗವ್ವನ ದನಿ ಪಡಸಾಲೆಯವರೆಗೂ ಹೋಯಿತು. “ಪೆನ್ನು ಮುಚ್ಚರಿ ಮೊದಲ. ಹುಡುಗಿ ಮನಸಿಗೆ ಬಂದಂಗ ಏನೂ ಬರದಿಲ್ಲ. ಬರಿಸಿದಾಕಿ ನಾನು. ಅಕಿ ಕೇಳಿದ್ಲು, ನಾ ಹೇಳಿದೆ. ಒಂದು ರೊಟ್ಟಿ ತಿಂದೆ, ಎರಡು ಅಂದೆ. ಖಾರ ತಿಂದೆ, ಪಲ್ಲೆ ಅಂದೆ. ಬ್ಯಾಳಿ ಅಂತೂ ನಾ ಕುದಿಸೂ ಮುಂದ ನೋಡಿದ್ದ ಅಷ್ಟ.”

ಪಡಸಾಲೆಯಿಂದ ನಾಗಲಿಂಗಪ್ಪ ಎದ್ದು ಬಂದ. ಪರರ ಮುಂದೆ ಮನೆಯ ಮಾತು ಬಿದ್ದದ್ದಕ್ಕೆ ಅವನ ಮುಖ ಕೆಂಪಾಗಿತ್ತು.

“ಏನಂತ ಮಾತಾಡಾಕತ್ತಿ? ನಾನೇನು ನಿನಗ ಉಣಬ್ಯಾಡ ಅಂದೇನೇನು?”

“ಇಲ್ರೀ, ನೀವು ಬ್ಯಾಡ ಅಂದಿಲ್ಲ. ಬ್ಯಾಡ ಅಂದಿದ್ರ ಜಗಳರೆ ತಗೀತಿದ್ದೆ. ನೀವು ಪಾತ್ರಿ ಬಗ್ಗಿಸಿ ಹಾಕ್ಕೊಂಡು ಎದ್ದು ಹೋದ್ರಿ. ಒಳಗೊಬ್ಬಾಕಿ ಇನ್ನೂ ಉಂಡಿಲ್ಲ ಅನ್ನೂದು ಮೂವತ್ತನಾಕು ವರ್ಷ ನಿಮ್ಮ ತಲಿಗೇ ಬರಲಿಲ್ಲ. ಅದನ್ನ ಮುಚ್ಚಾಕ ನಾ ಸುಳ್ಳು ಹೇಳಿದೆ. ಮರ್ಯಾದಿ ನಿಮ್ಮದು, ಸುಳ್ಳು ನಂದು, ಪರೀಕ್ಷೆ ಈ ಹುಡುಗೀದು ಹೋಗಬೇಕೇನು?”

ನಾಗಲಿಂಗಪ್ಪ ಹೆಗಲ ಮೇಲಿನ ವಸ್ತ್ರ ಕೊಡವಿ ಪಡಸಾಲೆಗೆ ತಿರುಗಿ ಹೋದ. ಕಿರಣಕುಮಾರ ತಾನು ತೊಳೆಯಲು ಹಾಕಿದ್ದ ತಾಟನ್ನು ಸುಮ್ಮನೆ ನೋಡುತ್ತ ನಿಂತ.

ರೀನಾ ಮೇಡಂ ಪೆನ್ನು ಮುಚ್ಚಿದರು. ಆಮೇಲೆ ಮತ್ತೆ ತೆರೆದು, ಪಟ್ಟಿಯಲ್ಲಿ ಶಿವಗಂಗವ್ವನ ಸಾಲಿಗಷ್ಟೇ ಉದ್ದಕ್ಕೆ ಗೀಟು ಎಳೆದರು.

“ಊರೂರಿಗೆ ಹೋಗಿ ಇಪ್ಪತ್ತು ವರ್ಷದಿಂದ ಇದನ್ನೇ ಕಲಿಸುತ್ತಿದ್ದೇನೆ” ಎಂದರು. “ಇಂಥ ಪಟ್ಟಿ ನೂರು ಬಂದಿವೆ. ಹೇಳಿದವರು ನೀವೊಬ್ಬರೇ. ಲಕ್ಷ್ಮೀದೇವಿ, ನಿಮಗೆ ರೋಗಿ ಸಿಕ್ಕಿದರು. ಎಂಟು ವಾರ ಇವತ್ತಿನಿಂದ ಎಣಿಸಿ. ರಕ್ತ ಎರಡು ಅಂಕಿಯಾದರೂ ಏರಬೇಕು. ಏರದಿದ್ದರೆ ನಾನು ಸಹಿ ಹಾಕುವುದಿಲ್ಲ.” ಎದ್ದು ನಿಂತವರು ಮತ್ತೆ ಕೂತರು. “ಈಗ ಆ ಬೇಳೆ ಇದೆಯಲ್ಲ, ಅದನ್ನು ಊಟ ಮಾಡಿ. ನಾನೂ ಮಾಡುತ್ತೇನೆ. ಹಸಿವಾಗಿದೆ.”

ಬಂದವರಿಗೆಂದು ಇಟ್ಟ ತಾಟು ಎರಡು ಕೆಳಗಿಳಿದವು.

ಆ ಎಂಟು ವಾರ ಮನೆಯಲ್ಲಿ ಆದ ಜಗಳಗಳನ್ನು ಹೇಳಿ ಮುಗಿಸಲಾಗದು. ಮೊದಲನೆಯದು ಚಹಾದ ಮೇಲೆ.

“ಊಟದ ಮ್ಯಾಲೆ ಚಾ ಕುಡದ್ರ ಉಂಡ ಕಬ್ಬಿಣ ರಕ್ತಕ್ಕ ಹತ್ತೂದಿಲ್ರೀ ಅತ್ತಿ. ಎರಡು ತಾಸು ತಡೀಬೇಕು. ಊಟದಾಗ ನಿಂಬೀಹಣ್ಣು ಹಿಂಡಿಕೊಳ್ರಿ.”

“ರೊಟ್ಟಿ ಬಿಡು ಅನ್ನು, ಬಿಡ್ತೇನಿ. ಚಾ ಬಿಡು ಅನಬ್ಯಾಡ. ಸೊಸಿ ಹೌದೋ, ಪೊಲೀಸ್ನಾಕಿ ಹೌದೋ ನೀ?”

“ಪೊಲೀಸ್ನಾಕಿನ ಅಂತ ತಿಳಕೊಳ್ರಿ.”

ಚಹಾ ಎರಡು ತಾಸು ಹಿಂದೆ ಸರಿಯಿತು. ರಾಜಗಿರಿ ಸೊಪ್ಪು, ಮಡಿಕೆ ಕಾಳು, ಗುರೆಳ್ಳಿನ ಚಟ್ನಿಪುಡಿ, ಶೇಂಗಾ ಬೆಲ್ಲದ ಉಂಡೆ ಮುಂದೆ ಬಂದವು. ಎಲ್ಲವೂ ಈ ಮನೆಯಲ್ಲೇ ಇದ್ದವು. ಒಲೆಯ ಮುಂದಿದ್ದವಳವರೆಗೆ ಬರುತ್ತಿರಲಿಲ್ಲ, ಅಷ್ಟೆ. ಲಕ್ಷ್ಮೀದೇವಿ ಹೊಸದೊಂದು ತಾಟು ತಂದು ಮೊಳೆಯಿಂದ ಶಿ.ನಾ. ಎಂದು ಕೊರೆದಳು.

ದೊಡ್ಡ ಜಗಳ ನಾಗಲಿಂಗಪ್ಪನದು. ನಾಲ್ಕು ದಿನ ಹೆಂಡತಿಯ ಕೂಡ ಮಾತು ಬಿಟ್ಟ. ಐದನೆಯ ದಿನ ಪೂಜೆ ಮುಗಿಸಿ ತಾಟಿನ ಮುಂದೆ ಕೂತು ಹೊಸ್ತಿಲ ಕಡೆ ಒಮ್ಮೆ, ತೊಲೆಯ ಕಡೆ ಒಮ್ಮೆ ನೋಡಿದ.

“ಏ… ಬಾ.”

“ಯಾರಿಗೆ ಕರದ್ರಿ?” ಒಳಗಿನಿಂದ ಶಿವಗಂಗವ್ವ.

“ಬೆಕ್ಕಿಗೆ ಕರದೆ. ಬಾ ಅಂದ್ರ ಬಾ. ಉಣ್ಣೂಣು.”

“ನಾ ಕುಂತ್ರ ಬಿಸಿ ರೊಟ್ಟಿ ಬಡಿಯವರ್ಯಾರು?”

ಇದು ನ್ಯಾಯದ ಪ್ರಶ್ನೆ. ಕಡೆಗೆ ಪಾಳಿ ಬಿತ್ತು: ಒಂದು ದಿನ ಸೊಸೆ, ಒಂದು ದಿನ ಶಿವಗಂಗವ್ವ, ಒಂದು ದಿನ ಕಿರಣಕುಮಾರ. ಮಗನ ಮೊದಲ ರೊಟ್ಟಿ ಹಂಚಿನ ಮೇಲೆ ಮೂರು ತುಂಡಾಯಿತು. ಎರಡನೆಯದು ಟೆಂಪೊದ ಸ್ಟೆಪ್ನಿಯಷ್ಟು ದಪ್ಪ. ಮಹಾದೇವಕ್ಕ ಹಿತ್ತಿಲ ಗೋಡೆಯ ಮೇಲಿಂದ ಇಣುಕಿದಳು.

“ಯವ್ವಾ ಶಿವಗಂಗಾ! ಗಂಡಹುಡುಗನ ಕೈಲಿ ರೊಟ್ಟಿ ಬಡಸತೀ, ನೀ ಕುಂತು ಉಣ್ಣತೀ?”

“ಸೊಸಿ ಪರೀಕ್ಷೇವಾ. ನಾ ಉಂಡ್ರ ಅಕಿ ಪಾಸು” ಎಂದಳು ಶಿವಗಂಗವ್ವ, ತುಂಬಿದ ಬಾಯಲ್ಲಿ. “ನಿನ್ನ ಮನಿಯಾಗ ಯಾರು ಫೇಲಾಗ್ಯಾರ ನೋಡಿಕೋ.”

ಮಹಾದೇವಕ್ಕನ ತಲೆ ಗೋಡೆಯ ಹಿಂದೆ ಇಳಿಯಿತು. ಎರಡು ದಿನ ಬಿಟ್ಟು ಬಂದು, ಗುಳಿಗೆಯ ಹೆಸರೇನು ಎಂದು ಮೆಲ್ಲಗೆ ಕೇಳಿದಳು.

ಆರನೆಯ ವಾರದ ಹೊತ್ತಿಗೆ ಶಿವಗಂಗವ್ವ ಕೊಡ ಹೊತ್ತು ಬಂದರೂ ಕಂಬ ಹಿಡಿಯುತ್ತಿರಲಿಲ್ಲ. ಎಂಟನೆಯ ವಾರದ ಚೀಟಿಯಲ್ಲಿ ರಕ್ತ ಹತ್ತು ದಾಟಿತ್ತು. ಡಾಕ್ಟರ ಅಂಗಳದಲ್ಲೇ ಲಕ್ಷ್ಮೀದೇವಿ ಅತ್ತೆಯನ್ನು ತಬ್ಬಿಕೊಂಡು ಕುಣಿದಳು. ನಾಗಲಿಂಗಪ್ಪ ಚೀಟಿಯನ್ನು ತಲೆಕೆಳಗಾಗಿ ಹಿಡಿದು ಓದಿ, “ಪಾಸೇನು?” ಎಂದು ಕೇಳಿದ. ರೀನಾ ಮೇಡಂ ಸಹಿ ಹಾಕಿ ಕಳಿಸಿದರು. ಮೇ ಕೊನೆಗೆ ಸರ್ಟಿಫಿಕೇಟು ಬಂತು.

ಜೂನ್ ಎರಡನೆಯ ಸೋಮವಾರ ದವಾಖಾನೆಯ ವರಾಂಡದಲ್ಲಿ ಟೇಬಲ್ ಬಿತ್ತು. ಮೊದಲ ದಿನವೆಂದು ಶಿವಗಂಗವ್ವನೂ ಬುತ್ತಿ ಕಟ್ಟಿಕೊಂಡು ಜೊತೆಗೆ ಬಂದು ಪಕ್ಕದ ಉದ್ದ ಮರದ ಬಾಕಿನ ಮೇಲೆ ಕೂತಳು. ಹತ್ತು ಗಂಟೆಗೆ ಮೊದಲ ರೋಗಿ ಬಂದಳು. ಕೆಂಚವ್ವ ಅಂತ ಹೆಸರು. ಕೆನ್ನೆ ಬಿಳಿಚಿದ, ಉಗುರು ಬಿಳಿಚಿದ ಹೆಂಗಸು. ಗಂಡ ಮೆಟ್ಟಿಲ ಕೆಳಗೆ ಬೀಡಿ ಸೇದುತ್ತ ನಿಂತಿದ್ದ.

“ನಿನ್ನೆ ಮಧ್ಯಾಹ್ನ ಏನ ಉಂಡ್ರಿ?” ಲಕ್ಷ್ಮೀದೇವಿ ಹೊಸ ಪಟ್ಟಿಯ ಮೊದಲ ಹಾಳೆ ತೆರೆದಳು.

“ಎರಡು ರೊಟ್ಟಿ, ಬದನಿಕಾಯಿ ಪಲ್ಲೆ, ಬ್ಯಾಳಿ, ಅನ್ನ, ಹಾಲು” ಕೆಂಚವ್ವ ಉಸಿರು ತೆಗೆದುಕೊಳ್ಳದೆ ಹೇಳಿದಳು.

ಲಕ್ಷ್ಮೀದೇವಿಯ ಪೆನ್ನು ಹಾಳೆಗೆ ಮುಟ್ಟುವಷ್ಟರಲ್ಲಿ ಬಾಕಿನಿಂದ ದನಿ ಬಂತು.

“ಬರಕೋಬ್ಯಾಡ ಲಕ್ಷ್ಮೀ. ಉಂಡಾಕಿಯಾದ್ರ ನೆನಸಿಕೊಂಡು ಹೇಳತಿದ್ಲು. ಇದು ತಯಾರ ಮಾಡಿ ಇಟ್ಟಿದ್ದ ಊಟ.”

ಕೆಂಚವ್ವ ಬೆಚ್ಚಿ ತಿರುಗಿದಳು. ಶಿವಗಂಗವ್ವ ಎದ್ದು ಬಂದು ಅವಳ ರಟ್ಟೆ ಹಿಡಿದಳು. “ಅಂಜಬ್ಯಾಡವಾ. ನಾನೂ ಹಿಂಗ ಬರಿಸಿದಾಕಿನ. ಮುಂಜಾನಿಂದ ಏನರೆ ತಿಂದೀ? ಖರೇ ಹೇಳು.”

“…ಇಲ್ರೀ. ಮನಿಯಾಗ ಎಲ್ಲಾರದೂ ಆಗಬೇಕಲ್ರೀ.”

“ಆಗಲಿ. ಮೊದಲ ಬಾ, ಕುಂಡ್ರು.”

ಬಾಕಿನ ಮೇಲೆ ಬುತ್ತಿ ಬಿಚ್ಚಿತು. ರೊಟ್ಟಿ, ಮಡಿಕೆ ಕಾಳಿನ ಪಲ್ಯ, ನಿಂಬೆ ಹೋಳು. ಕೆಂಚವ್ವ ಮೊದಲ ತುತ್ತು ಮುರಿದು ಕೆಳಗಿದ್ದ ಗಂಡನ ಕಡೆ ನೋಡಿದಳು. ಅವನು ಬೀಡಿ ಎಸೆದು ಒಂದು ಮೆಟ್ಟಿಲು ಏರಿದ.

“ಏ, ಮುಗೀತೇನು? ಬಸ್ಸಿನ ಹೊತ್ತಾತು, ನಡಿ.”

ಲಕ್ಷ್ಮೀದೇವಿ ಪೆನ್ನು ಕೆಳಗಿಟ್ಟು ಕಾಯುತ್ತಿದ್ದಳು. ಶಿವಗಂಗವ್ವ ಕೆಂಚವ್ವನ ರೊಟ್ಟಿಯ ಮೇಲೆ ಇನ್ನಷ್ಟು ಪಲ್ಯ ಹಾಕಿದಳು. ಆಮೇಲೆ ಆ ಗಂಡಸಿನ ಕಡೆ ತಿರುಗಿ, ದವಾಖಾನೆಯ ಅಂಗಳಕ್ಕೆಲ್ಲ ಕೇಳುವಂತೆ ಹೇಳಿದಳು:

“ಅಲ್ಲೇ ನಿಂದರಪಾ. ಅಕಿ ಉಣ್ಣಾಕತ್ತಾಳ.”